ಮಾರ್ಮೊಸೆಟ್ಟೂ ಮಡಿವಾಳ ಹಕ್ಕಿಯೂ

ಮಾತು ಹೆಚ್ಚಿರುವ ಗಂಡಸರಿಗೆ ಅದು ಗೊತ್ತೇ ಇರುವುದಿಲ್ಲ. ಸುತ್ತಲಿನವರೆಲ್ಲ ಹುಟ್ಟಾ ಮೌನಿಗಳು ಎಂದೇ ನಂಬಿರುತ್ತಾರೆ. ನನ್ನ ಹೆಂಡತಿ ಸುಶೀಲಳ ಬಗ್ಗೆ ನನಗೂ ಅದೇ ನಂಬಿಕೆಯಿತ್ತು.

ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರು, ಅವಳು ನಂಜನಗೂಡಿನಲ್ಲಿ ನರ್ಸು. ವರ್ಗಾವಣೆ ಕೇಳಿ ಕೇಳಿ ಇಬ್ಬರಿಗೂ ಸಾಕಾಗಿತ್ತು. ಶನಿವಾರ ಬಸ್ಸು ಹತ್ತಿ ಹೋದರೆ ಸೋಮವಾರ ಬೆಳಿಗ್ಗೆ ವಾಪಸ್. ನಡುವೆ ಬುಧವಾರ ಸಂಜೆ ಎಸ್‌ಟಿಡಿ ಬೂತಿನಿಂದ ಅವಳ ಪಕ್ಕದ ಮನೆಯ ಗೌರಮ್ಮನವರಿಗೆ ಫೋನು. ಅವರು ಕಾಂಪೌಂಡಿನಾಚೆಗೆ ಕೂಗಿ ಕರೆದರೆ ಇವಳು ಓಡಿ ಬರುತ್ತಿದ್ದಳು. ಆಮೇಲೆ ಗೌರಮ್ಮನವರು ಅಲ್ಲೇ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಹೀಗಿರುವಾಗ ಗಂಡ ಹೆಂಡಿರ ಮಾತು ಎಲ್ಲಿಂದ ಬರಬೇಕು ಹೇಳಿ. ನಾನು ಆ ವಾರ ಓದಿದ್ದನ್ನೆಲ್ಲ ಒದರಿ ಫೋನಿಡುತ್ತಿದ್ದೆ.

ಒಂದು ಬುಧವಾರ ಹೀಗೇ ವಿವರಿಸಿದೆ. ಬ್ರೆಜಿಲ್ ಕಾಡಿನಲ್ಲಿ ಮಾರ್ಮೊಸೆಟ್ ಎಂಬ ಅಳಿಲಿನಷ್ಟೇ ಗಾತ್ರದ ಕೋತಿಯಿದೆ. ಜೊತೆಗಾತಿ ಕಣ್ಮರೆಯಾದರೆ ಒಮ್ಮೆ ಕೂಗಿ, ಸುಮ್ಮನಾಗಿ, ಅವಳ ಉತ್ತರಕ್ಕೆ ಕಾಯುತ್ತದೆ. ನಮ್ಮ ಮಡಿವಾಳ ಹಕ್ಕಿಯೋ, ಕರೆಂಟು ತಂತಿಯ ಮೇಲೆ ಕೂತು, ಯಾರು ಕೇಳಲಿ ಬಿಡಲಿ, ಹಾಡಿದ್ದೇ ಹಾಡಿದ್ದು. ಹಾಡಬಲ್ಲ ಹಕ್ಕಿಯೇ ಮೇಲು ಎಂದು ತೀರ್ಪನ್ನೂ ಕೊಟ್ಟೆ.

"ಕೋತಿನೇ ವಾಸಿ ಕಣ್ರೀ," ಎಂದಳು ಸುಶೀಲ. "ಹಕ್ಕಿ ಜೊತೆ ಸಂಸಾರ ಮಾಡಿ ಸಾಕಾಗೋಗಿದೆ ನಂಗೆ."

ಗೌರಮ್ಮನವರ ನಗು ನರಸೀಪುರದ ಬೂತಿಗೂ ಕೇಳಿಸಿತು. ನನಗೆ ರೋಷ ಬಂತು. ಮುಂದಿನ ವಾರ ಕೋತಿಯಾಗಿಯೇ ತೀರುವುದೆಂದು ಹೊರಟೆ. ನಂಬರು ಒತ್ತಿ "ಸುಶೀಲಾ" ಎಂದು ಕರೆದು ಸುಮ್ಮನಾದೆ. ಫೋನೆತ್ತಿದ್ದವರು ಗೌರಮ್ಮ. "ಲೈನು ಸತ್ತೋಗದೆ" ಎಂದು ಇಟ್ಟೇಬಿಟ್ಟರು. ಮತ್ತೆ ಮಾಡಿದೆ. ಈ ಸಲ ಸುಶೀಲ ಸಿಕ್ಕಳು. ಹೆಸರು ಹಿಡಿದು ಕರೆದು ಕಾದೆ.

"ಯಾಕ್ರೀ, ಹುಷಾರಿಲ್ವಾ? ಏನಾದ್ರೂ ಮಾತಾಡಿ. ವಾರವೆಲ್ಲ ಇಲ್ಲಿ ನನ್ ಮನೆಲಿ ಒಂದು ಸದ್ದಿಲ್ಲ. ನಿಮ್ ದನಿ ಕೇಳೋಕೆ ತಾನೆ ನಾನು ಓಡ್ಬರೋದು."

ಮದುವೆಯಾದಾಗಿನಿಂದ ಬಾಯಿಗೆ ಬಾರದ ಮಾತು ಆಗ ಬಂತು.

"ನೀನಿಲ್ದೆ ಆಗ್ತಿಲ್ಲ ಕಣೆ. ಮನೆ ಬಿಕೋ ಅಂತಿದೆ," ಎಂದು ಹೇಳಿ ಉತ್ತರಕ್ಕೆ ಕಾದೆ.

ಉತ್ತರ ಬಂತು, ಗೌರಮ್ಮನವರ ದನಿಯಲ್ಲಿ. "ಅವ್ಳು ಕಣ್ಣೊರಸ್ಕೊಂಡು ಆಚೆ ಓದ್ಲು ಕಣಪ್ಪ. ಈ ಮಾತ್ನ ಶನಿವಾರ ಬಂದು ಎದುರ್ಗೇ ಏಳು."

ಹೂಂ ಎಂದೆ. ಶನಿವಾರ ದಾರಿಯುದ್ದಕ್ಕೂ ಆ ಮಾತನ್ನೇ ಮನಸ್ಸಿನಲ್ಲಿ ಹೊಂದಿಸಿಕೊಂಡು ಹೋದೆ. ಸುಶೀಲ ಹೂ ಮುಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು, ನನ್ನ ಮುಖವನ್ನೇ ನೋಡುತ್ತ. ನಾನು ಚಪ್ಪಲಿ ಬಿಟ್ಟು, ಬಸ್ಸಿನಲ್ಲಿ ಸೀಟಿಗಾಗಿ ಇಬ್ಬರು ಕಿತ್ತಾಡಿದ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆ.