ಸೋಮವಾರದ ತೋಟಗಾರಿಕೆ

ಅಂದಾನೆಪ್ಪ ಮಾಸ್ತರರ ಪಜೀತಿಗೆ ಕಾರಣವಾದದ್ದು ಒಂದು ವೇಳಾಪತ್ರಿಕೆ. ಅದನ್ನು ಬರೆದವರೂ ಅವರೇ, ಅದೂ ಎರಡು ಬಣ್ಣದ ಶಾಯಿಯಲ್ಲಿ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಮೂರು ವರ್ಷವಾಗಿತ್ತು. ಶಾಲೆಯಲ್ಲಿ ವಾರದ ಆರು ದಿನ ಏನೇನು ಕಲಿಸುತ್ತೀರಿ, ಏನೇನು ಮಾಡಿಸುತ್ತೀರಿ ಎಂದು ಬರೆದು ಗೋಡೆಗೆ ತೂಗುಹಾಕಿ, ಒಂದು ಪ್ರತಿ ಕಚೇರಿಗೆ ಕಳಿಸಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಹಳಿಯಾಳಕ್ಕೆ ಏಳು ಮೈಲು ದೂರದ ಹುಣಸಿಕೊಪ್ಪದ ಶಾಲೆಯಲ್ಲಿ ನಾಲ್ಕು ಇಯತ್ತೆ, ಮೂವತ್ತೊಂದು ಮಕ್ಕಳು, ಒಬ್ಬರೇ ಮಾಸ್ತರರು. ಅವರು ರಾತ್ರಿಯೆಲ್ಲ ಕೂತು ವಾರವನ್ನು ಹಂಚಿದರು. ಮಂಗಳವಾರ ತಕಲಿಯಲ್ಲಿ ನೂಲುವುದು, ಬುಧವಾರ ನಿಸರ್ಗ ಪಾಠ, ಗುರುವಾರ ಅರ್ಧ ಊರು ಸಂತೆಗೆ ಹೋಗುವುದರಿಂದ ಉಳಿದವರಿಗೆ ಕತೆ, ಶುಕ್ರವಾರ ಕವಾಯತು, ಶನಿವಾರ ಶಾಲೆ ಸಾರಿಸುವುದು. ತೋಟಗಾರಿಕೆಗೆ ಹೆಚ್ಚು ಕೈ ಬೇಕು. ಯಾವ ದಿನ ಹೆಚ್ಚು ಮಕ್ಕಳು ಬರುತ್ತಾರೆಂದು ಹಾಜರಿ ಪುಸ್ತಕ ತೆಗೆದು ನೋಡಿದರು. ಸೋಮವಾರ ಒಬ್ಬರೂ ತಪ್ಪಿಸುತ್ತಿರಲಿಲ್ಲ. ಸೋಮವಾರದ ಮುಂದೆ ಕೆಂಪು ಶಾಯಿಯಲ್ಲಿ 'ತೋಟಗಾರಿಕೆ' ಎಂದು ಬರೆದು ನೆಮ್ಮದಿಯಿಂದ ಮಲಗಿದರು.

ಸೋಮವಾರವೇ ಎಲ್ಲರೂ ಯಾಕೆ ಬರುತ್ತಾರೆಂದು ಯಾರನ್ನೂ ಕೇಳಲಿಲ್ಲ. ಅವರು ಹಳಿಯಾಳದ ಅರಿವೆ ಅಂಗಡಿಯವರ ಮಗ, ಹೊಲವನ್ನು ಬಸ್ಸಿನ ಕಿಟಕಿಯಿಂದ ನೋಡಿದವರು. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನೆಲಕ್ಕೆ ಗುದ್ದಲಿ ತಾಗಿಸುವುದಿಲ್ಲ, ಎತ್ತಿನ ಹಿಂದೆ ಹೋಗಬೇಕಾದ ಹುಡುಗರು ಮಾಡಲು ಬೇರೇನೂ ಇಲ್ಲದೆ ಶಾಲೆಗೆ ಬರುತ್ತಾರೆ. ಮೊದಲ ತೋಟಗಾರಿಕೆಯ ದಿನ ಊರ ಪಂಚರಲ್ಲಿ ಹಿರಿಯನಾದ ಶಂಕ್ರಪ್ಪ ಓಡಿಬಂದು ಮಾಸ್ತರರ ಕೈಯೊಳಗಿನ ಗುದ್ದಲಿ ಕಸಿದುಕೊಂಡಾಗಲೇ ಇದೆಲ್ಲ ಅವರಿಗೆ ತಿಳಿದದ್ದು.

"ಭೂಮಿತಾಯಿಗೂ ಒಂದು ದಿನ ಸೂಟಿ ಬೇಕ್ರಿ ಮಾಸ್ತರ. ನಿಮಗ ಐತಾರ ಐತಿ, ಆಕಿಗೆ ಸೋಮಾರ."

ಆಮೇಲೆ ತೋಟಗಾರಿಕೆಯ ತಾಸಿನಲ್ಲಿ ಮಕ್ಕಳು ಬೇವಿನ ಮರದ ಕೆಳಗೆ ಕೂತು ಮಗ್ಗಿ ಹೇಳಿದರು. ಮಾಸ್ತರರು ದಿನಚರಿಯಲ್ಲಿ 'ತರಕಾರಿ ಮಡಿ ಮಾಡಿಸಲಾಯಿತು' ಎಂದು ಬರೆದರು. ವೇಳಾಪತ್ರಿಕೆಯನ್ನು ಬದಲಿಸಬಹುದಿತ್ತು ನಿಜ. ಆದರೆ ಕಚೇರಿಯ ಪ್ರತಿಗೆ ಮೊಹರಿನ ಸಿಕ್ಕೆ ಬಿದ್ದಾಗಿತ್ತು, ಬದಲಿಸಲು ಕಾರಣ ಕೊಟ್ಟು ಅರ್ಜಿ ಬರೆಯಬೇಕಿತ್ತು. ಅದೇ ಕಚೇರಿಯಲ್ಲಿ ಅವರ ಇನ್ನೊಂದು ಅರ್ಜಿ ಕೂತಿತ್ತು, ಹಳಿಯಾಳಕ್ಕೆ ವರ್ಗ ಕೇಳಿದ್ದು. ಇದು ಹೋಗಿ ಅದಕ್ಕೆ ಅಡ್ಡ ಬೀಳುವುದು ಬೇಡವೆಂದು ಸುಮ್ಮನಾದರು.

ಆ ವರ್ಗದ ಮೇಲೆಯೇ ಅವರ ಜೀವವೆಲ್ಲ ಇತ್ತು. ಹೆಂಡತಿ ಶಿವಗಂಗವ್ವ, ಒಂಬತ್ತು ತಿಂಗಳ ಮಗಳು ಹಳಿಯಾಳದಲ್ಲಿ. ಶನಿವಾರ ಮಧ್ಯಾಹ್ನ ಏಳು ಮೈಲು ನಡೆದು ಮನೆ ಮುಟ್ಟಿದರೆ ಮಗಳು ಇವರನ್ನು ಕಂಡು ಕಿಟಾರನೆ ಅಳುತ್ತಿತ್ತು. ರವಿವಾರ ಸಂಜೆಯ ಹೊತ್ತಿಗೆ ಗುರುತು ಹತ್ತಿ ಚಸ್ಮಕ್ಕೆ ಕೈಹಾಕುತ್ತಿತ್ತು. ಸೋಮವಾರ ಅದು ಏಳುವ ಮೊದಲೇ ಇವರು ಹೊರಡಬೇಕು. ಮುಂದಿನ ಶನಿವಾರ ಮತ್ತೆ ಅಳು. ಸ್ವಂತ ಮಗಳಿಗೆ ವಾರವಾರವೂ ಹೊಸಬನಾಗುವುದು ಮಾಸ್ತರರಿಗೆ ಬಹಳ ನೋವಿನ ಸಂಗತಿಯಾಗಿತ್ತು.

ಆ ಸೋಮವಾರ ನಸುಕಿನಲ್ಲಿ ಬುತ್ತಿ ಕೊಡುತ್ತ ಶಿವಗಂಗವ್ವ ಹೇಳಿದಳು: "ಮುಂದಿನ ವಾರ ವರ್ಗದ ಕಾಗದ ತಗೊಂಡ ಬರ್ರಿ. ಬರೇ ಕಾಲಾಗಿನ ಧೂಳು ತರಬ್ಯಾಡ್ರಿ."

ಊರು ಮುಟ್ಟಿದಾಗ ಎಂಟು ಗಂಟೆ. ಶಾಲೆಯ ಕಟ್ಟೆಯ ಮೇಲೆ ಶಂಕ್ರಪ್ಪ ಕಾಯುತ್ತ ಕೂತಿದ್ದ. ರುಮಾಲು ಬಿಚ್ಚಿ, ಅದರ ಒಳಸುತ್ತಿನಿಂದ ಒಂದು ಲಕೋಟೆ ತೆಗೆದ.

"ಶನಿವಾರ ಬಂತ್ರಿ. ನೀವು ಹೋಗಿಬಿಟ್ಟಿದ್ರಿ. ಸರಕಾರದ ಕಾಗದ, ಎಲ್ಲೆರ ಕಳದೀತಂತ ತಲಿಮ್ಯಾಲ ಇಟಗೊಂಡೀನಿ. ಮಲಗೂಮುಂದೂ ರುಮಾಲ ತಗೀಲಿಲ್ಲ."

ಕಾಗದ ಬೆವರಿಗೆ ಮೆತ್ತಗಾಗಿತ್ತು. ಹೊಸದಾಗಿ ಬಂದ ಶಾಲಾ ಇನ್ಸ್‌ಪೆಕ್ಟರ್ ಚನಬಸಪ್ಪನವರ ಸಹಿ. 'ನಿಮ್ಮ ವೇಳಾಪತ್ರಿಕೆ ನೋಡಲಾಗಿದೆ. ಬರುವ ಸೋಮವಾರ ಹನ್ನೆರಡಕ್ಕೆ ನಾನೇ ಬಂದು ತೋಟಗಾರಿಕೆಯ ಪಾಠವನ್ನು ಕಣ್ಣಾರೆ ನೋಡುವೆನು. ನಿಮ್ಮ ವರ್ಗದ ಅರ್ಜಿಯನ್ನು ಸಂಗಡ ತರುತ್ತಿದ್ದೇನೆ. ನೋಡಿದ ಮೇಲೆ ತೀರ್ಮಾನ.'

ಆ ಸೋಮವಾರ ಇವತ್ತೇ. ಮಾಸ್ತರರು ಶಾಲೆಯ ಅಂಗಳ ನೋಡಿದರು. ಬೇವಿನ ಮರ ಬಿಟ್ಟರೆ ಅಲ್ಲಿ ಹಸಿರೆಂಬುದು ಇರಲಿಲ್ಲ. ದಿನಚರಿಯ ಪ್ರಕಾರ ಹನ್ನೊಂದು ಮಡಿ ಇರಬೇಕಿತ್ತು.

"ಶಂಕ್ರಪ್ಪಣ್ಣಾ, ಇವತ್ತೊಂದು ದಿನ ಗುದ್ದಲಿ ಹಾಕೂಣ್ರಿ. ನನ್ನ ಹೆಂಡ್ರು ಮಕ್ಕಳ ಮಾರಿ ನೋಡ್ರಿ."

"ಹೆಂಡ್ರು ಮಕ್ಕಳು ಊರಾಗ ಎಲ್ಲಾರಿಗೂ ಅದಾರ್ರಿ. ಅದಕಽ ಹಾಕಬಾರದು ಅನ್ನೋದು."

ಸೋಮವಾರವಾದ್ದರಿಂದ ಊರಿನ ಗಂಡಸರೆಲ್ಲ ಖಾಲಿ. ಹತ್ತು ನಿಮಿಷದಲ್ಲಿ ಮೂವತ್ತೊಂದು ಮಕ್ಕಳಿಗೆ ನಲವತ್ತು ಜನ ದೊಡ್ಡವರು ಕೂಡಿದರು. ಎಲ್ಲರಿಗೂ ಮಾಸ್ತರರ ಮೇಲೆ ಮರುಕವಿತ್ತು, ಎಲ್ಲರಲ್ಲೂ ಒಂದೊಂದು ಉಪಾಯವಿತ್ತು. ಮಾಸ್ತರರಿಗೆ ಜ್ವರ ಬಂದಿದೆಯೆಂದು ಮಲಗಿಸಿಬಿಡೋಣ ಎಂದ ಒಬ್ಬ. ಬಸ್ಸಿಗೆ ಅಡ್ಡವಾಗಿ ಎಮ್ಮೆಗಳನ್ನು ಬಿಡೋಣ ಎಂದ ಇನ್ನೊಬ್ಬ. ಕೊನೆಗೆ ಮುದಕಪ್ಪ ಗಂಟಲು ಸರಿಮಾಡಿಕೊಂಡ. ಇವನು ಹಿಂದೆ ಎರಡು ಸಲ ಕೋರ್ಟಿನ ಮೆಟ್ಟಿಲು ಹತ್ತಿದವನು, ಕಾಯಿದೆ ಬಲ್ಲವನೆಂದು ಊರಲ್ಲಿ ಹೆಸರಿತ್ತು.

"ಸೋಮಾರ ನೆಲಾ ಅಗೀಬಾರದು, ಖರೆ. ನಿನ್ನಿ ಅಗದ ಮಣ್ಣು ಇವತ್ತ ಹಾಕಬಾರದು ಅಂತ ಯಾರು ಹೇಳ್ಯಾರ?"

ಶಂಕ್ರಪ್ಪ ಬಹಳ ಹೊತ್ತು ಯೋಚಿಸಿದ. ಹಾಗೆಂದು ಯಾರೂ ಹೇಳಿರಲಿಲ್ಲ.

ಐತಾರದ ಮಣ್ಣು ಇದ್ದದ್ದು ಕಾಶೆವ್ವನ ಅಂಗಳದಲ್ಲಿ. ಗೋಡೆಗೆ ಮೆತ್ತಲೆಂದು ಹಿಂದಿನ ದಿನ ಕೆರೆಯಂಗಳದಿಂದ ತರಿಸಿ, ಹೊಟ್ಟು ಕಲಸಿ ಗುಡ್ಡೆ ಹಾಕಿದ್ದಳು.

"ಕೊಡ್ತೇನಿ," ಎಂದಳು ಕಾಶೆವ್ವ ಸೊಂಟಕ್ಕೆ ಕೈಯಿಟ್ಟು. "ಸಂಜಿಕ ಎಲ್ಲಾ ತಿರುಗಿ ಬರಬೇಕು. ಒಂದ ಬುಟ್ಟಿ ಕಡಿಮಿ ಆತಂದ್ರ ಮಾಸ್ತರನ್ನಽ ಗ್ವಾಡಿಗೆ ಮೆತ್ತಿಬಿಡ್ತೇನಿ."

ಮಕ್ಕಳು ಬುಟ್ಟಿಗಟ್ಟಲೆ ಹೊತ್ತರು. ನೆಲಕ್ಕೆ ಒಂದು ಗೀರೂ ಬೀಳದಂತೆ ಮೇಲೆಯೇ ನಾಲ್ಕು ಮಡಿ ಎದ್ದವು. ಇನ್ನು ಗಿಡ. ಬೇರು ಕಿತ್ತರೆ ಭೂಮಿಗೆ ನೋವು, ಟೊಂಗೆ ಮುರಿದರೆ ಏನೂ ಇಲ್ಲ ಎಂದು ಮುದಕಪ್ಪನೇ ತೀರ್ಪು ಕೊಟ್ಟ. ಮೆಣಸಿನಕಾಯಿ, ಬದನೆ, ಚೆಂಡುಹೂವು, ಹತ್ತಿ, ಯಾವ ಹಿತ್ತಲಲ್ಲಿ ಏನಿತ್ತೋ ಅದರ ಟೊಂಗೆ ಬಂತು. ನಮ್ಮ ಮನೆಯ ಬದನೆ ಸಾಹೇಬರಿಗೆ ಮೊದಲು ಕಾಣಬೇಕೆಂದು ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ಒಬ್ಬಾಕೆ ದೊಡ್ಡದೊಂದು ಕುಂಬಳಕಾಯಿ ತಂದು ಮಡಿಯ ನಟ್ಟನಡುವೆ ಇಟ್ಟಳು.

"ಬಳ್ಳಿ ಎಲ್ಲೈತವಾ?" ಎಂದರು ಮಾಸ್ತರರು.

"ಮಾಳಿಗಿಮ್ಯಾಲೆ ಹಬ್ಬೇತ್ರಿ, ತರಾಕ ಆಗಲಿಲ್ಲ. ಸಾಹೇಬ್ರು ಕೇಳಿದ್ರ ಹೇಳ್ರಿ, ನಾ ತೋರಸ್ತೇನಿ."

ಹನ್ನೆರಡಕ್ಕೆ ತೋಟ ನಿಜಕ್ಕೂ ಚೆಂದ ಕಂಡಿತು. ಮಾಸ್ತರರು ಕೋಟು ಹಾಕಿಕೊಂಡು ನಿಂತರು. ಆದರೆ ಬಸ್ಸು ಬರಲಿಲ್ಲ. ಒಂದು ಹೊಡೆಯಿತು, ಎರಡು ಹೊಡೆಯಿತು. ಬಿಸಿಲಿಗೆ ಟೊಂಗೆಗಳು ಒಂದೊಂದಾಗಿ ತಲೆ ಬಾಗಿಸಿದವು. ಮುದಕಪ್ಪ ನೀರು ಹೊಡೆಯಿರೆಂದ. ಹೊಡೆದರು. ಗೋಡೆಗೆಂದು ಹದ ಮಾಡಿದ ಮಣ್ಣು ತನ್ನ ಗುಣ ಬಿಡದೆ ಬಿಸಿಲಿಗೆ ಗಟ್ಟಿಯಾಗಿ ಕೂತಿತು. ಹೊಟ್ಟಿನಲ್ಲಿ ಕಾಳು ಹುಡುಕಿಕೊಂಡು ಊರ ಕೋಳಿಗಳೂ ಬಂದವು. ಅವುಗಳನ್ನು ಓಡಿಸುವ ಭರದಲ್ಲಿ ಸಾಹೇಬರ ಸ್ವಾಗತಕ್ಕೆಂದು ನಿಲ್ಲಿಸಿದ್ದ ಮಕ್ಕಳ ಕವಾಯತಿನ ಸಾಲು ಎರಡು ಮಡಿಗಳ ಮೇಲೆ ಹಾದುಹೋಯಿತು.

ಮೂರು ಗಂಟೆಗೆ ಇನ್ಸ್‌ಪೆಕ್ಟರು ಬಂದರು. ಬಸ್ಸಿನ ಟೈರು ಒಡೆದು ಎರಡು ಮೈಲು ನಡೆದಿದ್ದರು. ಗಂಟು ಮುಖದ ಎತ್ತರದ ಆಳು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ. ಯಾರ ನಮಸ್ಕಾರವನ್ನೂ ಸರಿಯಾಗಿ ತೆಗೆದುಕೊಳ್ಳದೆ ನೇರವಾಗಿ ಮಡಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಕುಂಬಳಕಾಯಿಯನ್ನು ಒಮ್ಮೆ ತಟ್ಟಿ ನೋಡಿದರು. ಮೆಣಸಿನ ಗಿಡ ಹಿಡಿದು ಎಳೆದರು. ಅದು ಯಾವ ತಕರಾರೂ ಇಲ್ಲದೆ ಕೈಗೆ ಬಂತು.

ಎಪ್ಪತ್ತು ಜನರ ನಡುವೆ ಮುದಕಪ್ಪ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಇನ್ಸ್‌ಪೆಕ್ಟರು ಮುಂದಿನ ಸಾಲಿನಲ್ಲಿದ್ದ ಸತ್ತೆವ್ವ ಎಂಬ ಮೂರನೇ ಇಯತ್ತೆಯ ಹುಡುಗಿಯನ್ನು ಕರೆದರು. "ಇದನ್ನ ಯಾವಾಗ ನಟ್ರಿ ತಂಗಿ?"

"ಮುಂಜಾನೆ ರೀ."

"ನೆಲಾ ಅಗದವರು ಯಾರು?"

"ಯಾರೂ ಅಗದಿಲ್ರಿ. ಇವತ್ತ ಸೋಮಾರಲ್ರೀ? ಇದು ಐತಾರದ ಮಣ್ಣು ರೀ. ಕಾಶೆವ್ವಂದು. ಸಂಜಿಕ ತಿರುಗಿ ಕೊಡೂದೈತ್ರಿ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಾಸ್ತರರು ಕೈಜೋಡಿಸಿ ಎಲ್ಲ ಹೇಳಿಬಿಟ್ಟರು: ಹಾಜರಿ ಪುಸ್ತಕ, ಕೆಂಪು ಶಾಯಿ, ಶಂಕ್ರಪ್ಪನ ಗುದ್ದಲಿ, ಬೇವಿನ ಕೆಳಗಿನ ಮಗ್ಗಿ, ದಿನಚರಿಯ ಹನ್ನೊಂದು ಮಡಿ. ಕೊನೆಗೆ ಕೇಳದಿದ್ದರೂ ಮಗಳು ಅಳುವ ಸಂಗತಿಯನ್ನೂ ಹೇಳಿದರು.

ಇನ್ಸ್‌ಪೆಕ್ಟರು ಎದ್ದರು. "ಅಂದ್ರ ಇಷ್ಟ ದಿನದಾಗ ಒಂದ ಸೋಮಾರನೂ ಇಲ್ಲಿ ಗುದ್ದಲಿ ಬಿದ್ದಿಲ್ಲ?"

"ಇಲ್ಲರೀ ಸಾಹೇಬ್ರ. ತಪ್ಪಾತ್ರಿ."

"ತಪ್ಪೇನ್ರೀ?" ಗಂಟು ಮುಖ ಸಡಿಲಾಯಿತು. "ಮಾಸ್ತರ, ನಾ ಒಕ್ಕಲುತನದ ಮನ್ಯಾಗ ಹುಟ್ಟಿದಾಂವ. ಸೋಮಾರ ತೋಟಗಾರಿಕಿ ಅಂತ ಓದಿದ ಕೂಡ್ಲೆ ನನ್ನ ಪಿತ್ತ ನೆತ್ತಿಗೇರಿತ್ತು. ಊರವರ ನಡತಿ ಮುರಿಯೋ ಇಂಥಾ ಮಾಸ್ತರ ಇದ್ರ ನಾಳೆ ಒಬ್ಬರೂ ಮಕ್ಕಳನ್ನ ಸಾಲಿಗೆ ಕಳಸಂಗಿಲ್ಲ, ಆ ಮಾಸ್ತರನ್ನಽ ಮನಿಗೆ ಕಳಸೂಣಂತ ಬಂದಿದ್ದೆ. ನೀವು ನೋಡಿದ್ರ ಸಾಲೀನೂ ನಡಿಸಿ, ಸರಕಾರದ ಮಾತೂ ಉಳಿಸಿ, ಊರವರ ಮನಸೂ ನೋಯಿಸಿಲ್ಲ. ದಿನಚರಿ ನಾ ನೋಡಿಲ್ಲ, ನೀವೂ ತೋರಿಸಿಲ್ಲ."

ಊರೇ ಉಸಿರು ಬಿಟ್ಟಿತು. ಮುದಕಪ್ಪ ಮೀಸೆ ತೀಡಿಕೊಂಡ. ಇನ್ಸ್‌ಪೆಕ್ಟರು ಚೀಲದಿಂದ ವರ್ಗದ ಅರ್ಜಿ ತೆಗೆದು, ಅಲ್ಲೇ ಕಟ್ಟೆಯ ಮೇಲಿಟ್ಟು, ಪೆನ್ನಿನ ಟೋಪಿ ಬಿಚ್ಚಿದರು.

"ನಿಮಗ ವರ್ಗ ಬೇಕಲ್ಲ? ಇವತ್ತಽ ಮಾಡ್ತೇನಿ."

ಮಾಸ್ತರರ ಕಣ್ಣು ತುಂಬಿ ಬಂತು. "ಹಳಿಯಾಳಕ್ಕ ರೀ?"

"ಹಳಿಯಾಳಕ್ಕ ಯಾರನ್ನ ಹಾಕಿದ್ರೂ ನಡಿತೈತ್ರಿ. ನಿಮ್ಮಂಥಾವರನ್ನ ಅಲ್ಲಿ ಹಾಕಿ ಕೆಡಿಸೋದೇನು?" ಇನ್ಸ್‌ಪೆಕ್ಟರು ಬರೆಯುತ್ತಲೇ ಹೇಳಿದರು. "ಜೋಯಿಡಾ ಆಚೆ ಅಡವ್ಯಾಗ ಒಂದು ಊರೈತಿ. ಎರಡು ವರ್ಷದಾಗ ನಾಲ್ಕು ಮಂದಿ ಮಾಸ್ತರು ಓಡಿಬಂದಾರ. ಒಬ್ಬ ಅವರ ದೇವರ ಮರಕ್ಕ ಸೈಕಲ್ ಆನಿಸಿದ್ದ. ಇನ್ನೊಬ್ಬ ಹಿಡೀಬಾರದ ದಿನ ಹೊಳ್ಯಾಗ ಮೀನ ಹಿಡಿದ. ಅಲ್ಲಿಗೆ ಊರವರ ಮನಸು ತಿಳಿದ ಮನಿಷಾ ಬೇಕಂತ ಆರು ತಿಂಗಳಿಂದ ಹುಡಕಾಕತ್ತಿದ್ದೆ."

"ಸಾಹೇಬ್ರ, ನನಗ ಕೊಂಕಣಿ ಬರಂಗಿಲ್ಲ…"

"ಚಲೋ ಆತು. ಜಗಳಾ ಆಗಂಗಿಲ್ಲ."

ಸಿಕ್ಕೆ ಬಿತ್ತು. ಊರವರು ಸಂತೋಷದಿಂದ ಬದನೆಕಾಯಿ ಕುಂಬಳಕಾಯಿಯನ್ನೆಲ್ಲ ಇನ್ಸ್‌ಪೆಕ್ಟರ ಚೀಲಕ್ಕೆ ತುಂಬಿದರು. ಇಂಥ ಮಾಸ್ತರ ನಮಗೆ ಇನ್ನು ಸಿಗುವುದಿಲ್ಲವೆಂದು ಶಂಕ್ರಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಶನಿವಾರ ಮಧ್ಯಾಹ್ನ ಅಲ್ಲಿಂದ ಹೊರಟರೆ ಅಡವಿ ದಾಟಿ ಜೋಯಿಡಾ, ಅಲ್ಲಿ ರಾತ್ರಿ ವಸ್ತಿ, ಮುಂಜಾನೆ ದಾಂಡೇಲಿ ಬಸ್ಸು, ಅಲ್ಲಿಂದ ಹಳಿಯಾಳ. ರವಿವಾರ ಮಧ್ಯಾಹ್ನ ಮನೆ ಮುಟ್ಟಿ ಊಟಕ್ಕೆ ಕೂತರೆ ಎದ್ದೊಡನೆ ತಿರುಗಿ ಬಸ್ಸು ಹಿಡಿಯಬೇಕು. ಮಗಳು ಅಳುವುದು ನಿಲ್ಲಿಸುವ ವೇಳೆ ಇದರಲ್ಲಿ ಎಲ್ಲೂ ಬರುತ್ತಿರಲಿಲ್ಲ.

"ಅಲ್ಲಿ ಭೂಮಿಗೆ ಯಾವ ವಾರ ಸೂಟಿ ರೀ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಅದನ್ನ ಕಂಡ ಹಿಡಿಯಾಕಽ ನಿಮ್ಮನ್ನ ಕಳಸಾಕತ್ತಿದ್ದು," ಎಂದು ಇನ್ಸ್‌ಪೆಕ್ಟರು ಕೊಡೆ ಬಿಚ್ಚಿದರು.

ಸಂಜೆ ಕಾಶೆವ್ವನ ಮಣ್ಣು ಒಂದು ಬುಟ್ಟಿಯೂ ಕಡಿಮೆಯಾಗದೆ ತಿರುಗಿ ಹೋಯಿತು. ಖಾಲಿ ಅಂಗಳದಲ್ಲಿ ಅಂದಾನೆಪ್ಪ ಮಾಸ್ತರರೊಬ್ಬರೇ ಉಳಿದರು. ವರ್ಗದ ಕಾಗದ ತಗೊಂಡು ಬರ್ರಿ ಎಂದಿದ್ದಳು ಶಿವಗಂಗವ್ವ. ಅದೇನೋ ಕಿಸೆಯಲ್ಲಿತ್ತು.