ಎಕ್ಸೆಲ್ ಪ್ರಕಾರ ಸಮುದ್ರ

ಇಂಗ್ಲೆಂಡಿಗೆ ನಾನು ಇನ್ನೂ ಕಾಲಿಟ್ಟಿಲ್ಲ. ಆದರೂ ಅದರ ನೈಋತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್ ಎಂಬ ಕಡಲತೀರದ ಪ್ರಾಂತ್ಯದಲ್ಲಿ ಏನೇನು ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು, ಎಲ್ಲಿ ನಿಂತು "ಆಹಾ" ಎನ್ನಬೇಕು ಎಂಬುದನ್ನೆಲ್ಲ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ, ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ನಿರ್ಧರಿಸಿದವನು ನಾನೇ. ಎಂಟು ದಿನಗಳ ಪ್ರವಾಸ, ನಲವತ್ತೊಂದು ಸಾಲುಗಳ ಎಕ್ಸೆಲ್. ಸೂರ್ಯಾಸ್ತಕ್ಕೆ ಕಿತ್ತಳೆ ಬಣ್ಣ, ತಿಂಡಿಗೆ ಹಸಿರು.

ಪ್ರವಾಸ ನನ್ನ ಮಾವ ಮತ್ತು ಅತ್ತೆಯವರದು. ಐದು ತಿಂಗಳು ನಮ್ಮೊಂದಿಗಿದ್ದು ಮೈಸೂರಿಗೆ ಹೊರಟಿದ್ದರು. ದಾರಿಯಲ್ಲಿ ಇಂಗ್ಲೆಂಡನ್ನು ಒಮ್ಮೆ ನೋಡಬೇಕೆಂದು ಮಾವನವರಿಗೆ ಆಸೆ.

"ಲಂಡನ್ ಎಲ್ರೂ ನೋಡ್ತಾರೆ ಮಾವ. ನೀವು ಕಾರ್ನ್‌ವಾಲ್ ನೋಡಿ. ಪ್ಲಾನ್ ನನಗೆ ಬಿಡಿ" ಎಂದೆ.

ನನ್ನ ಹೆಂಡತಿ ವೀಣಾ, "ರೀ, ಇಬ್ಬರಿಗೂ ಎಪ್ಪತ್ತು ದಾಟಿದೆ" ಎಂದಳು.

"ಅದಕ್ಕೇ ನಾನು ಪ್ಲಾನ್ ಮಾಡ್ತಿರೋದು."

ಮಾವನವರ ಬಗ್ಗೆ ಒಂದು ಮಾತು ಹೇಳಬೇಕು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿದ್ದು ನಿವೃತ್ತರಾದವರು. ಬರೆದಿಟ್ಟದ್ದನ್ನು ಮೀರುವ ಜಾಯಮಾನ ಅವರದಲ್ಲ. ಡಾಕ್ಟರು ಮಾತ್ರೆಯನ್ನು "ಊಟದ ನಂತರ" ಎಂದು ಬರೆದುಕೊಟ್ಟಿದ್ದರು. ಏಕಾದಶಿಯ ದಿನ ಊಟವೇ ಇಲ್ಲವಲ್ಲ, ಏನು ಮಾಡಲಿ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದರು. ನನ್ನ ಎಕ್ಸೆಲ್‌ಗೆ ಇಂಥ ಪ್ರಯಾಣಿಕ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಎಂದುಕೊಂಡಿದ್ದೆ.

ಪ್ರತಿ ಸಂಜೆ ಅತ್ತೆಯವರಿಂದ ಫೋಟೋಗಳು ಬರುತ್ತಿದ್ದವು. ಲ್ಯಾಂಡ್ಸ್ ಎಂಡಿನ ಬಂಡೆಗಳು, ಕೈನಾನ್ಸ್ ಕೋವಿನ ನೀಲಿ ನೀರು, ಟಿಂಟ್ಯಾಜೆಲ್ಲಿನ ಪಾಳುಕೋಟೆ. ಕೆಳಗೆ, "ನಿಮ್ಮ ಎಕ್ಸೆಲ್ ಪ್ರಕಾರವೇ ಆಯಿತು" ಎಂಬ ಒಕ್ಕಣೆ. ಒಂದರಲ್ಲೂ ಅವರಿಬ್ಬರು ಇರುತ್ತಿರಲಿಲ್ಲ. ದೊಡ್ಡವರ ವಿನಯ ಎಂದುಕೊಂಡೆ. ಅಷ್ಟನ್ನೂ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, "ನಮ್ಮತ್ತೆಯವರ ಕಣ್ಣಲ್ಲಿ ಕಾರ್ನ್‌ವಾಲ್! ಬೆಳಕನ್ನು ಗಮನಿಸಿ" ಎಂದು ಬರೆದೆ.

ಆರನೆಯ ದಿನ ಶನಿವಾರ. ಎಕ್ಸೆಲ್‌ನ ಕಿರೀಟದಂಥ ಸಾಲು ಅಂದಿನದು. ಸೇಂಟ್ ಮೈಕಲ್ಸ್ ಮೌಂಟ್ ಎಂಬ ಪುಟ್ಟ ದ್ವೀಪ, ಅದರ ನೆತ್ತಿಯ ಮೇಲೊಂದು ಕೋಟೆ. ಸಮುದ್ರ ಇಳಿದಾಗ ಮಾತ್ರ ದಡದಿಂದ ದ್ವೀಪಕ್ಕೆ ಕಲ್ಲುಹಾಸಿನ ದಾರಿ ತೆರೆದುಕೊಳ್ಳುತ್ತದೆ. ಏರಿದಾಗ ದಾರಿ ನೀರಿನಡಿ. ಇಳಿತದ ವೇಳೆಯನ್ನು ವೆಬ್‌ಸೈಟಿನಲ್ಲಿ ನೋಡಿ, "ಮಧ್ಯಾಹ್ನ ಹನ್ನೆರಡೂವರೆಗೆ ನಡಿಗೆ ಆರಂಭ. ಧೈರ್ಯವಾಗಿ ನಡೆಯಿರಿ" ಎಂದು ಬರೆದಿದ್ದೆ.

ಇಲ್ಲಿ ಬೆಳಿಗ್ಗೆ ಎಂಟು, ಅಲ್ಲಿ ಮಧ್ಯಾಹ್ನ ಒಂದು. ಈಗ ಅವರು ನಡುದಾರಿಯಲ್ಲಿರಬೇಕು ಎಂದು ಕಾಫಿ ಹೀರುತ್ತಾ ಹೆಮ್ಮೆಯಿಂದ ಅದೇ ವೆಬ್‌ಸೈಟ್ ತೆರೆದೆ. ಮೇಲ್ಗಡೆ ಸಣ್ಣಕ್ಷರದಲ್ಲಿ ಊರಿನ ಹೆಸರಿತ್ತು. ಬೆಲ್ಮಾರ್, ನ್ಯೂಜೆರ್ಸಿ.

ಕಳೆದ ತಿಂಗಳು ಮಾವನವರನ್ನು ಅಲ್ಲಿಯ ಬೀಚಿಗೆ ಕರೆದುಕೊಂಡು ಹೋಗುವ ಮುನ್ನ ಇದೇ ಪುಟ ನೋಡಿದ್ದೆ. ಅದು ಊರು ಬದಲಿಸಿರಲಿಲ್ಲ, ನಾನು ಗಮನಿಸಿರಲಿಲ್ಲ. ನ್ಯೂಜೆರ್ಸಿಯ ಸಮುದ್ರದ ವೇಳಾಪಟ್ಟಿ ಹಿಡಿಸಿ ಇಬ್ಬರು ಹಿರಿಯರನ್ನು ಇಂಗ್ಲೆಂಡಿನ ಸಮುದ್ರಕ್ಕೆ ಇಳಿಸಿದ್ದೆ.

ಊರು ಬದಲಿಸಿ ಮತ್ತೆ ನೋಡಿದೆ. ಅಲ್ಲಿ ನೀರು ಏರತೊಡಗಿ ಆಗಲೇ ಮೂರು ಗಂಟೆಯಾಗಿತ್ತು.

ಇಬ್ಬರಿಗೂ ಇದ್ದದ್ದು ಮಾವನವರ ಒಂದೇ ಫೋನ್, ಅದೂ ಸ್ವಿಚ್ ಆಫ್. ಹೊರಗೆ ಹೋದಾಗ ಫೋನ್ ಆರಿಸಿ ಬ್ಯಾಟರಿ ಉಳಿಸಬೇಕೆಂದು ಮೂರನೆಯ ಸಾಲಿನಲ್ಲಿ ಬರೆದವನೂ ನಾನೇ. ಅವರು ಉಳಿದುಕೊಂಡಿದ್ದ ಸೇಂಟ್ ಐವ್ಸ್ ಎಂಬ ಊರಿನ ಮನೆಯೊಡತಿಗೆ ಫೋನ್ ಮಾಡಿದರೆ ಬರೀ ರಿಂಗಾಯಿತು.

ಬೇರೇನೂ ತೋಚದೆ ಇಲ್ಲಿಯ ತುರ್ತು ನಂಬರ್ ೯೧೧ ಒತ್ತಿದೆ. "ಇಬ್ಬರು ಮುಳುಗುತ್ತಿದ್ದಾರೆ" ಎಂದೆ. ವಿಳಾಸ ಕೇಳಿದರು. ಅಭ್ಯಾಸಬಲದಿಂದ ನಮ್ಮ ಮನೆಯ ವಿಳಾಸ ಕೊಟ್ಟೆ.

ಐದೇ ನಿಮಿಷದಲ್ಲಿ ಬಾಗಿಲಲ್ಲಿ ಪೊಲೀಸ್ ಕಾರು, ಹಿಂದೆ ಆಂಬುಲೆನ್ಸು. ವೀಣಾ ಸ್ನಾನ ಮುಗಿಸಿ ಬಂದವಳು ತಲೆಗೆ ಸುತ್ತಿದ ಟವೆಲ್ಲಿನಲ್ಲೇ ನಿಂತಳು. ಪೊಲೀಸಿನವನು, "ಸ್ವಿಮ್ಮಿಂಗ್ ಪೂಲ್ ಎಲ್ಲಿದೆ?" ಎಂದ.

"ಪೂಲ್ ಅಲ್ಲ ಸರ್, ಅಟ್ಲಾಂಟಿಕ್" ಎಂದೆ. "ಆ ಕಡೆಯ ದಡ."

ವೀಣಾಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಮೆಲ್ಲಗೆ, "ಅಪ್ಪಂಗೆ ನೀರು ಕಂಡ್ರೆ ಭಯ ರೀ. ನೀವು ಬರೆದಿದ್ದೀರಿ ಅಂತ ಇಳಿದಿರ್ತಾರೆ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಪೊಲೀಸಿನವನು ಪುಣ್ಯಾತ್ಮ. ಇಂಗ್ಲೆಂಡಿನ ಕರಾವಳಿ ಕಾವಲಿನವರ ನಂಬರ್ ತಾನೇ ಹುಡುಕಿ ಫೋನ್ ಕೈಗಿತ್ತ. ಅತ್ತಲಿಂದ ಒಬ್ಬ ಹೆಂಗಸು ಶಾಂತವಾಗಿ ಕೇಳಿದಳು.

"ಅವರು ಆ ದಾರಿಯಲ್ಲೇ ಇದ್ದಾರೆ ಎಂದು ನಿಮಗೆ ಹೇಳಿದ್ದು ಯಾರು?"

"ಎಕ್ಸೆಲ್."

ಆಕೆ ಮುಂದಿನ ಪ್ರಶ್ನೆಗೆ ಹೋದಳು. "ಅವರಿಗೆ ಈಜು ಬರುತ್ತದೆಯೇ?"

ನಮ್ಮತ್ತೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ಸ್ನಾನವನ್ನೂ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಮುಗಿಸಿದವರು. ಅದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವ ಸ್ಥಿತಿಯಲ್ಲಿರಲಿಲ್ಲ. "ನೋ" ಎಂದೆ. ಗುರುತು ಕೇಳಿದಾಗ ಮಂಕಿ ಕ್ಯಾಪ್, ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್ ಎಂದೆ. ಅವರು ಉಳಿದುಕೊಂಡಿದ್ದ ಮನೆಯ ವಿಳಾಸವನ್ನೂ ಆಕೆ ಬರೆದುಕೊಂಡಳು.

ಮುಕ್ಕಾಲು ಗಂಟೆಯ ನಂತರ ಆಕೆಯೇ ಫೋನ್ ಮಾಡಿದಳು. ದಾರಿಯಲ್ಲಿ ಯಾರೂ ಇಲ್ಲ. ದ್ವೀಪದಲ್ಲೂ ಇಲ್ಲ, ದೋಣಿಗಳಲ್ಲೂ ಇಲ್ಲ. ಸೀರೆಯುಟ್ಟವರನ್ನು ಇಂದು ಅಲ್ಲಿ ಯಾರೂ ಕಂಡಿಲ್ಲ. ಹುಡುಕಾಟ ಮುಂದುವರಿದಿದೆ.

ಬದುಕಿನಲ್ಲಿ ನಾನು ಅಷ್ಟು ಹೆದರಿದ್ದು ಅದೇ ಮೊದಲು. ವೀಣಾ ದೇವರ ಮುಂದೆ ದೀಪ ಹಚ್ಚಿ ಅಲ್ಲೇ ಕೂತಳು. ಪಕ್ಕದಲ್ಲಿ ಕೂರಲು ನನಗೆ ಮುಖವಿರಲಿಲ್ಲ. ಮೈಸೂರಿನಲ್ಲಿರುವ ಅವಳ ತಮ್ಮನಿಗೆ ಯಾವ ಮಾತಿನಿಂದ ಶುರುಮಾಡಿ ಹೇಳುವುದೆಂದು ಯೋಚಿಸುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ.

ಫೋನ್ ರಿಂಗಾಯಿತು. ಇಂಗ್ಲೆಂಡಿನ ಯಾವುದೋ ನಂಬರು. ಎತ್ತಿಕೊಳ್ಳಲು ಕೈ ಬರಲಿಲ್ಲ. ವೀಣಾ ಓಡಿಬಂದು ಸ್ಪೀಕರ್ ಒತ್ತಿದಳು.

"ಅಳಿಯಂದ್ರೇ, ಇಬ್ಬರು ಪೊಲೀಸಿನವರು ಬಂದಿದ್ದಾರೆ. ನಾವು ಮುಳುಗಿಲ್ಲ ಅಂತ ನಿಮಗೆ ಹೇಳಬೇಕಂತೆ."

ಮಾವನವರ ದನಿ! ವೀಣಾ "ಅಪ್ಪಾ" ಎಂದು ಅತ್ತೇಬಿಟ್ಟಳು. ನಾನು ನೆಲದ ಮೇಲೇ ಕೂತೆ.

"ಮಾವ, ಎಲ್ಲಿದ್ದೀರಿ?"

"ರೂಮಿನ ಕೆಳಗಿನ ಟೀ ಅಂಗಡೀಲಿ."

"ಯಾವಾಗಿಂದ?"

"ಮಂಗಳವಾರದಿಂದ."

ಸೋಮವಾರ ಎಕ್ಸೆಲ್‌ನ ಐದು ಸ್ಥಳಗಳಲ್ಲಿ ಮೂರು ಮುಗಿಯುವಷ್ಟರಲ್ಲಿ ಅತ್ತೆಯವರ ಮಂಡಿ ಊದಿತಂತೆ. ಮರುದಿನದಿಂದ ಆ ಅಂಗಡಿಯ ಕಿಟಕಿ ಪಕ್ಕ ಕೂತು, ಬಂದರಿನ ದೋಣಿಗಳನ್ನು ನೋಡುತ್ತಾ, ಸ್ಕೋನ್ ಎಂಬ ಬನ್ನಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಾ ಪರಮಸುಖವಾಗಿದ್ದರಂತೆ.

"ಮತ್ತೆ ಆ ಫೋಟೋಗಳು?"

"ಇಲ್ಲೇ ಪೋಸ್ಟ್‌ಕಾರ್ಡ್ ಮಾರ್ತಾರೆ. ನೀವು ಬರೆದಿರೋ ಸ್ಥಳ ಎಲ್ಲಾ ಸಿಗುತ್ತೆ. ನಿಮ್ಮತ್ತೆ ದಿನಾ ಎಕ್ಸೆಲ್ ನೋಡ್ಕೊಂಡು ಆವತ್ತಿನ ಕಾರ್ಡಿನ ಫೋಟೋ ತೆಗೀತಾಳೆ. ಒಂದು ಸಾಲೂ ಬಿಟ್ಟಿಲ್ಲ."

"ಆಗೋದಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ ಮಾವ?"

"ಅಳಿಯಂದ್ರು ಅಷ್ಟು ಕಷ್ಟಪಟ್ಟು ಮಾಡಿದ್ದೀರಿ. ಹೇಗೆ ಹೇಳೋದು?"

ವೀಣಾ ಕಣ್ಣೊರೆಸಿಕೊಂಡು ನಗತೊಡಗಿದಳು. ಗುಂಪಿಗೆ ಹಾಕಿದ ಫೋಟೋಗಳು ನೆನಪಾಗಿ ನಾನು ನಗಲಿಲ್ಲ. ಆದರೂ ಜವಾಬ್ದಾರಿಯುತ ಅಳಿಯನಾಗಿ ಗಂಟಲು ಸರಿಮಾಡಿಕೊಂಡು, "ಇನ್ನೆರಡು ದಿನ ಇದೆಯಲ್ಲ, ಎಕ್ಸೆಲ್ ತಿದ್ದಿ ಈಗಲೇ ಕಳಿಸ್ತೀನಿ" ಎಂದೆ.

ಫೋನಿಗೆ ಅತ್ತೆಯವರು ಬಂದರು. "ಕಳಿಸಿ ಅಳಿಯಂದ್ರೇ. ತುಂಬಾ ಉಪಯೋಗ ಆಗುತ್ತೆ" ಎಂದರು.

ಆ ದನಿಯನ್ನು ಬೇರೆಲ್ಲೋ ಕೇಳಿದ್ದೇನೆ ಅನ್ನಿಸಿತು. ಫೋನಿಟ್ಟ ಮೇಲೆ ಹೊಳೆಯಿತು. ಹೆಣ್ಣು ನೋಡಲು ಹೋದ ದಿನ, ಯಾರೂ ಕೇಳದಿದ್ದರೂ ನಾನೊಂದು ದೇವರನಾಮ ಹಾಡಿದ್ದೆ. "ತುಂಬಾ ಚೆನ್ನಾಗಿ ಹಾಡ್ತೀರಿ" ಎಂದು ಅತ್ತೆಯವರು ಹೇಳಿದ್ದು ಇದೇ ದನಿಯಲ್ಲಿ. ಆ ಮಾತನ್ನು ನಂಬಿ ಹದಿನಾಲ್ಕು ವರ್ಷಗಳಿಂದ ಆ ಮನೆಯ ಒಂದು ಹಬ್ಬವನ್ನೂ ಬಿಡದೆ ಹಾಡಿದ್ದೇನೆ.