ಮುದ್ದೇಬಿಹಾಳದಲ್ಲಿ ಇಂಗ್ಲಿಷ್ ಕಲಿತ ಪರದೇಶಿಗಳು

ಇಂಗ್ಲಿಷ್ ಕಲಿಸುವ ಮಾಸ್ತರ ನಗೆಪಾಟಲಾಗಲು ಬೇರೆ ಕಾರಣ ಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕ್ಲಾಸಿಗೆ ಹೋಗಿ ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಅದರಲ್ಲೂ ನಾನು ಮನಗೂಳಿಯವ. ನನ್ನ ಇಂಗ್ಲಿಷ್ ಬಿಳಿಜೋಳದ ಕಟಕ ರೊಟ್ಟಿಯ ಹಾಗೆ. ಮುರಿದರೆ ಸಪ್ಪಳ ಬರುತ್ತಿತ್ತು.

ಅರವತ್ತರ ದಶಕದ ಮಾತು. ಮುದ್ದೇಬಿಹಾಳದಲ್ಲಿ ಆಗತಾನೇ ತೆರೆದ ಕಾಲೇಜೊಂದರಲ್ಲಿ ನಾನು ಹಂಗಾಮಿ ಮಾಸ್ತರ. ಕೃಷಿ ಓದಲೆಂದು ದೊಡ್ಡ ಶಹರದ ಕಾಲೇಜಿಗೆ ಬಂದಿದ್ದ ಇಬ್ಬರು ಪರದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸಾಲದಾಗಿತ್ತು. ಒಬ್ಬ ಇರಾಣದವ, ಇನ್ನೊಬ್ಬ ಇಥಿಯೋಪಿಯಾದವ. ನಮ್ಮ ಪ್ರಿನ್ಸಿಪಾಲರು ಯಾವುದೋ ಸಭೆಯಲ್ಲಿ ಹುರುಪಿಗೆ ಬಿದ್ದು, "ನಮ್ಮಲ್ಲಿ ಕಳಸ್ರಿ, ನಾಕ ತಿಂಗಳದಾಗ ತಯಾರ ಮಾಡಿ ಕೊಡ್ತೇವಿ" ಎಂದುಬಿಟ್ಟಿದ್ದರು. ಬಂದು ನನ್ನನ್ನು ಕರೆದರು.

"ಮಾಸ್ತರ್ರ, ಕಡೀಕ ಮಾತಿನ ಪರೀಕ್ಷಾ ಇರತೈತಿ. ಇಬ್ಬರೂ ಪಾಸಾದ್ರ ನಿಮ್ಮ ನೌಕರಿ ಕಾಯಂ."

"ನಪಾಸಾದ್ರರಿ?"

"ಮನಗೂಳಿ ಬಸ್ಸು ದಿನಾ ಐತಿ."

ಸ್ವಾಗತ ಭಾಷಣ

ಬಸವನ ಬಾಗೇವಾಡಿ ಕಡೆಯಿಂದ ಬಂದ ಬಸ್ಸಿನಿಂದ ಇಬ್ಬರೂ ಇಳಿದರು. ಮೈಮೇಲೆಲ್ಲ ಕೆಂಪು ಧೂಳು. ಯಾರು ಯಾವ ದೇಶದವರೆಂದು ಗುರುತು ಸಿಗದ ಹಾಗಿತ್ತು. ಇಥಿಯೋಪಿಯಾದವ ಎಷ್ಟು ಎತ್ತರವೆಂದರೆ ಹಾರ ಹಾಕಲು ಪ್ರಿನ್ಸಿಪಾಲರು ಕುರ್ಚಿ ಹತ್ತಬೇಕಾಯಿತು. ಹತ್ತಿದವರು ಇಳಿಯಲಿಲ್ಲ. ಅಲ್ಲಿಂದಲೇ ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಶುರುಮಾಡಿದರು. ಒಂದು ವಾರ ಬಾಯಿಪಾಠ ಮಾಡಿದ್ದ ಭಾಷಣ. ಕೈ ಎತ್ತಿದರು, ಕಣ್ಣು ಮುಚ್ಚಿದರು, ಒಮ್ಮೆ ಗದ್ಗದಿತರೂ ಆದರು. ಊರಿನ ಹಿರಿಯರು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

ಇಥಿಯೋಪಿಯಾದವ ನನ್ನ ಕಿವಿಯತ್ತ ಬಾಗಿ, ತನಗೆ ಬರುತ್ತಿದ್ದ ಹರುಕು ಮುರುಕು ಇಂಗ್ಲಿಷಿನಲ್ಲಿ ಭಕ್ತಿಯಿಂದ ಹೇಳಿದ: "ಸರ್, ನಿಮ್ಮ ಕನ್ನಡ ಭಾಷೆ ಬಹಳ ಇಂಪಾಗಿದೆ."

ಸುಲಭದ ಇಂಗ್ಲಿಷ್

ಮೊದಲ ದಿನದ ಪಾಠ. ಕುರ್ಚಿ ತೋರಿಸಿ "ದಿಸ್ ಈಜ್ ಎ ಚೇರ್" ಎಂದೆ. ಇರಾಣದವ ಕುರ್ಚಿ ಬಿಟ್ಟು ನನ್ನ ಬೆರಳನ್ನೇ ನೋಡಿದ. ಬಾಗಿಲು ತೋರಿಸಿದೆ, ಕಾಗದ ತೋರಿಸಿದೆ, ಕಿಡಕಿಯಾಚೆಯ ಹೊಲ ತೋರಿಸಿದೆ. ಅವನ ಮುಖ ಬಾಡುತ್ತಲೇ ಹೋಯಿತು. ಒಂದು ತಾಸು ಒದರಿ ನನ್ನ ಗಂಟಲು ಕಟ್ಟಿತು. ಬೇಸತ್ತು ಹೊರಗೆ ನಿಂತಿದ್ದ ಕಾಲೇಜಿನ ಸಿಪಾಯಿಗೆ ಹೇಳಿದೆ:

"ಏ ಸಿಪಾಯಿ, ಆ ದರವಾಜಾ ತಗಿಯಪ್ಪಾ, ಒಂದೀಟ ಹವಾ ಬರಲಿ. ನಾ ಅಂತೂ ಹೈರಾಣ ಆದೆ. ಬಾಜಾರಕ್ಕ ಹೋದ್ರ ಒಂದ ದಸ್ತ ಕಾಗದಾನೂ ತಗೊಂಡ ಬಾ."

ಇರಾಣದವ ಜಿಗಿದು ಎದ್ದು ನಿಂತ. ಕಣ್ಣಲ್ಲಿ ಬೆಳಕು. ಬೆರಳು ಮಡಚುತ್ತ ಒಂದೊಂದೇ ಪದ ತಿರುಗಿ ಹೇಳಿದ. ಸಿಪಾಯಿ! ದರವಾಜಾ! ಹವಾ! ಹೈರಾಣ! ಬಾಜಾರ! ಕಾಗದ! ಎಲ್ಲವೂ ಅವರ ಮನೆಯ ಪಾರಸಿ ಮಾತುಗಳೇ. ಎಂದೋ ಬಾದಶಹರ ಕಾಲದಲ್ಲಿ ನಮ್ಮ ಬಿಜಾಪುರದ ಕಡೆ ಬಂದು ಇಲ್ಲೇ ಸಂಸಾರ ಹೂಡಿದ್ದವು.

ಆಮೇಲೆ ನನ್ನ ಮೇಲೆ ಸಿಟ್ಟಾದ. ಅರ್ಧ ಕೈಸನ್ನೆ, ಅರ್ಧ ಹರುಕು ಇಂಗ್ಲಿಷಿನಲ್ಲಿ ಕೇಳಿದ: "ಸರ್, ಇಷ್ಟು ಸುಲಭದ ಇಂಗ್ಲಿಷ್ ನಿಮಗೆ ಬರುತ್ತಿದ್ದರೂ ಒಂದು ತಾಸಿನಿಂದ ಆ ಕಷ್ಟದ್ದನ್ನೇ ಯಾಕೆ ಕಲಿಸುತ್ತಿದ್ದೀರಿ?"

ಆಯಿಯ ಕೈ ಊಟ

ಇಬ್ಬರ ಬಿಡಾರ ಅರಿವಿ-ಬಟ್ಟೆ ಅಂಗಡಿಯ ಸಾಹೇಬರ ಮನೆಯಲ್ಲಿ. ಸಾಹೇಬರ ಮುಪ್ಪಿನ ತಾಯಿಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು. ಉಣ್ಣಿಸುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಕಿವಿ ಮಾತ್ರ ಸ್ವಲ್ಪ ಮಂದ. ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ನಾನು ಹುಡುಗರಿಗೆ ಕಟ್ಟಪ್ಪಣೆ ಮಾಡಿದ್ದೆ. ಬಿಸಿಗೂ ‘ಹಾಟ್’, ಖಾರಕ್ಕೂ ‘ಹಾಟ್’ ಎಂದು ಕಲಿಸಿದ್ದೂ ನಾನೇ.

ಮೊದಲ ರವಿವಾರ ನನಗೂ ಅಲ್ಲೇ ಊಟ. ಆಯಿ ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿ ಚಟ್ನಿ ಬಡಿಸಿದಳು. ಇರಾಣದವ ಬೆರಳಲ್ಲಿ ಇಷ್ಟೇ ಇಷ್ಟು ನೆಕ್ಕಿದ. ಮುಖ ಚಟ್ನಿಯ ಬಣ್ಣಕ್ಕೆ ತಿರುಗಿತು.

"ಹಾಟ್! ಹಾಟ್!" ಎಂದು ಕೂಗಿದ.

"ಹಾಕ್ತೇನಪ್ಪಾ, ಹಾಕ್ತೇನಿ," ಎಂದು ಆಯಿ ಇನ್ನೊಂದು ಹಿಡಿ ಹಾಕಿದಳು.

"ನೋ! ಹಾಟ್! ಹಾಟ್!"

"ಅದಕ್ಯಾಕ ಅಷ್ಟ ಅವಸರಾ? ಹಾಕಾಕತ್ತೇನಲ್ಲ!"

ನಾನು ನಡುವೆ ಬಾಯಿ ಹಾಕಬೇಕೆಂದರೆ ನಗುವಿಗೆ ತುತ್ತು ನೆತ್ತಿಗೇರಿ ಕೆಮ್ಮುತ್ತಿದ್ದೆ. ಅಷ್ಟರಲ್ಲಿ ಇಥಿಯೋಪಿಯಾದವ ಸ್ನೇಹಿತನ ತಾಟಿನ ಚಟ್ನಿಯನ್ನೆಲ್ಲ ತನ್ನತ್ತ ಎಳೆದುಕೊಂಡು, ಬೆಣ್ಣೆ ತಿಂದ ಹಾಗೆ ತಿಂದು ಮುಗಿಸಿದ. ಅವರ ದೇಶದಲ್ಲಿ ಇದಕ್ಕಿಂತ ಖಾರ ತಿನ್ನುತ್ತಾರಂತೆ. ಆಯಿಗೆ ಅದು ಸರಿಬರಲಿಲ್ಲ.

"ಏನೋ ಎತ್ತರದಾವ್ನ, ಪಾಪ ಆ ಹುಡುಗ ಅಳಕೋತ ಬೇಡಿ ಹಾಕಿಸ್ಕೊಂಡದ್ದನ್ನ ಕಸಗೊಂಡ ತಿಂತಿಯಲ್ಲೋ!" ಎಂದು ಗದರಿ, ಇರಾಣದವನ ಕಣ್ಣೊರೆಸಿ, ಅವನಿಗೆ ಮತ್ತೆ ಬಡಿಸಿದಳು.

ಸಿಂದಗಿಯ ಉಚ್ಚಾರ

ಪರದೇಶದವರು ಬಂದಿದ್ದಾರೆಂಬ ಸುದ್ದಿ ಸಿಂದಗಿ, ಇಂಡಿ ಊರುಗಳವರೆಗೂ ಹೋಯಿತು. ಸಿಂದಗಿಯಲ್ಲಿ ಸಾಲೆಯೊಂದರ ಹೆಡ್‌ಮಾಸ್ತರರು ನನ್ನ ಹಳೆಯ ಗೆಳೆಯರು. "ಒಮ್ಮೆ ಕರಕೊಂಡ ಬರ್ರಿ, ನಮ್ಮ ಹುಡುಗೂರು ಖರೇ ಉಚ್ಚಾರ ಕೇಳಲಿ" ಎಂದು ಹೇಳಿ ಕಳಿಸಿದರು. ಅವರಿಗೊಂದು ನೋವಿತ್ತು. ಹಿಂದಿನ ವರ್ಷ ಸಾಲೆಗೆ ಬಂದ ಇನ್‌ಸ್ಪೆಕ್ಟರರು, "ರೀ, ಇಸ್ಕೂಲ್ ಅಲ್ರೀ, ಸ್ಕೂಲ್! ಎಂಥಾ ಹೆಡ್‌ಮಾಸ್ತರ್ರಿ ನೀವು!" ಎಂದು ಹುಡುಗರ ಮುಂದೆಯೇ ಮಾನ ಕಳೆದಿದ್ದರು.

ಇರಾಣದವ ಪುಸ್ತಕ ಹಿಡಿದು ನಿಂತ. ಅವನ ದೇಶದವರಿಗೆ ಪದದ ಮೊದಲಲ್ಲೇ ‘ಸ್ಕ’ ಬಂದರೆ ನಾಲಿಗೆ ಹೊರಳುವುದಿಲ್ಲ. ಅದಕ್ಕೂ ಮೊದಲು ಒಂದು ಎ ಕಾರವೋ ಇ ಕಾರವೋ ಸೇರಲೇಬೇಕು. ಗಂಭೀರವಾಗಿ ಓದಿದ: "ದಿ ಬಾಯ್ ಗೋಜ್ ಟು ಇಸ್ಕೂಲ್."

ಹೆಡ್‌ಮಾಸ್ತರರು ಕುರ್ಚಿಯಿಂದ ಹಾರಿ ಎದ್ದರು. "ಇನ್ನೊಮ್ಮೆ ಅನ್ರಿ!"

"ಇಸ್ಕೂಲ್."

"ಕೇಳಿದ್ರ್ಯಾ ಹುಡುಗೂರ? ಸಮುದ್ರ ದಾಟಿ ಬಂದವರ ಬಾಯಾಗ ಕೇಳಿದ್ರ್ಯಾ?" ಅವರ ಕಣ್ಣಲ್ಲಿ ನೀರು. ನಾನು ಬಾಯಿಗೆ ಬಂದ ತಿದ್ದುಪಡಿಯನ್ನು ನುಂಗಿಕೊಂಡೆ. ಅಷ್ಟು ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ಸಲ ಇನ್‌ಸ್ಪೆಕ್ಟರರು ಬಂದು ಅದೇ ತಪ್ಪು ಹಿಡಿದಾಗ ಹೆಡ್‌ಮಾಸ್ತರರು ಕನಿಕರದಿಂದ ಅವರ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಉಚ್ಚಾರ ಹಳೇದಾತ್ರಿ ಸಾಹೇಬ್ರ" ಎಂದರಂತೆ.

ಸಂತೆಯಲ್ಲಿ ಪರೀಕ್ಷೆ

ಅಂತೂ ಪರೀಕ್ಷೆಯ ದಿನ ಬಂತು. ಇಬ್ಬರೂ ಇಂಗ್ಲಿಷ್ ಕಲಿತಿದ್ದರು. ಆದರೆ ಊರವರ ಬಾಯಿಂದ ‘ಬರ್ರಿ, ಕುಂದರ್ರಿ’ ಕೇಳಿ ಕೇಳಿ, ಆ ರೀ ಸೇರಿಸದಿದ್ದರೆ ದೊಡ್ಡವರಿಗೆ ಅವಮಾನ ಮಾಡಿದಂತೆಂದು ಗಟ್ಟಿಯಾಗಿ ನಂಬಿದ್ದರು. ‘ಕಮ್‌ರಿ ಸರ್, ಸಿಟ್‌ರಿ ಸರ್’ ಎನ್ನುತ್ತಿದ್ದರು. ಎಷ್ಟು ತಿದ್ದಿದರೂ ಹೋಗಲಿಲ್ಲ. ನನ್ನ ಕಣ್ಣ ಮುಂದೆ ಮನಗೂಳಿ ಬಸ್ಸು ಓಡಾಡತೊಡಗಿತು.

ಪರೀಕ್ಷಕರು ಮೈಸೂರು ಕಡೆಯವರು. ಟೈ, ಬೂಟು, ತಲೆಗೆ ಹ್ಯಾಟು. ನಮ್ಮ ಕಡೆ ಬಂದದ್ದು ಅದೇ ಮೊದಲು. "ಕ್ಲಾಸಿನಲ್ಲಿ ಯಾರು ಬೇಕಾದರೂ ಗಿಳಿಪಾಠ ಒಪ್ಪಿಸುತ್ತಾರೆ. ಸಂತೆಗೆ ಹೋಗೋಣ. ಅಲ್ಲಿ ಕಂಡದ್ದು, ಕೇಳಿದ್ದು ಇಂಗ್ಲಿಷಿನಲ್ಲಿ ಹೇಳಲಿ" ಎಂದರು. ಪ್ರಿನ್ಸಿಪಾಲರು, ನಾನು, ಇಬ್ಬರು ಹುಡುಗರು ಹಿಂದೆ ಹೊರಟೆವು.

ಉಳ್ಳಾಗಡ್ಡಿ ಮಾರುವವಳ ಮುಂದೆ ನಿಂತು ಪರೀಕ್ಷಕ ಸಾಹೇಬರು, "ಏನಮ್ಮ, ಈರುಳ್ಳಿ ಹೇಗೆ ಕೊಡ್ತೀಯ?" ಎಂದು ಕೇಳಿದರು.

"ಭಾಳ ತುಟ್ಟಿ ಆಗ್ಯಾವ್ರಿ. ಸೋವಿ ಬೇಕಂದ್ರ ಸಂಜೀಕ ಹೊಳ್ಳಿ ಬರ್ರಿ."

ಸಾಹೇಬರು ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಪಾಪ, ಈಕೆಯ ತುಟಿಗೆ ಏನಾಯಿತಂತೆ?"

ನಾನು ಬಾಯಿ ತೆರೆಯುವ ಮೊದಲೇ ಇರಾಣದವ ಮುಂದೆ ಬಂದ. "ನಾಟ್ ಲಿಪ್‌ರಿ ಸರ್! ಆನಿಯನ್ ಕಾಸ್ಟ್‌ಲಿ‌ರಿ. ಚೀಪ್ ವಾಂಟ್, ಈವನಿಂಗ್ ಕಮ್ ಬ್ಯಾಕ್‌ರಿ!"

ಸಾಹೇಬರ ಹುಬ್ಬು ಮೇಲೇರಿತು. ಅದು ಮೆಚ್ಚಿಗೆಯೋ ಸಿಟ್ಟೋ ತಿಳಿಯುವಷ್ಟರಲ್ಲಿ ದನದ ಬಾಜಾರದ ಕಡೆಯಿಂದ ಗದ್ದಲ ಎದ್ದಿತು. ಹಗ್ಗ ಹರಿದುಕೊಂಡ ಹೋರಿಯೊಂದು ಕೊಂಬು ಬಾಗಿಸಿ ನೇರ ನಮ್ಮ ಕಡೆಗೇ ಬರುತ್ತಿತ್ತು. ಹಿಂದೆ ಅದರ ಧಣಿ ಕೈ ಬೀಸುತ್ತ ಓಡಿ ಬರುತ್ತಿದ್ದ. ಪ್ರಿನ್ಸಿಪಾಲರು ಆಗಲೇ ಜೋಳದ ಚೀಲಗಳ ಮೇಲಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಸಾಹೇಬರ ಬೆನ್ನು ಮಾತ್ರ ಹೋರಿಯ ಕಡೆ.

"ಸಾಹೇಬ್ರ, ಲಗೂನ! ಲಗೂನ!" ಎಂದು ಧಣಿ ಒದರಿದ.

ಲಗೂನ ಎಂದರೆ ನಮ್ಮಲ್ಲಿ ಬೇಗ ಎಂದರ್ಥ. ಸಾಹೇಬರು ನಿಂತಲ್ಲೇ, ಹಿಂದಿರುಗಿಯೂ ನೋಡದೆ, ನಾಚಿ ನಕ್ಕು, "ಲಗ್ನವೇ? ನನಗೆ ಲಗ್ನವಾಗಿ ಬಹಳ ವರ್ಷವಾಯಿತಪ್ಪ" ಎಂದರು.

"ಅಯ್ಯ, ಲಗೂನರೀ!"

"ಆಗಿದೆ ಅಂದೆನಲ್ಲಪ್ಪ, ಮಕ್ಕಳೂ ಇದ್ದಾರೆ!"

ಇಥಿಯೋಪಿಯಾದವ ಎರಡೇ ಹೆಜ್ಜೆಗೆ ಅಲ್ಲಿಗೆ ತಲುಪಿ, "ನಾಟ್ ಮ್ಯಾರೇಜ್‌ರಿ ಸರ್! ಕ್ವಿಕ್‌ರಿ! ಬುಲ್‌ರಿ!" ಎನ್ನುತ್ತ ಸಾಹೇಬರನ್ನು ಕೂಸಿನ ಹಾಗೆ ಎತ್ತಿ ತಂದು ಚೀಲದ ಮೇಲೆ ನಮ್ಮಿಬ್ಬರ ನಡುವೆ ಇಟ್ಟ. ಕೆಳಗೆ ಬಿದ್ದ ಹ್ಯಾಟನ್ನು ಹೋರಿ ಕೊಂಬಿಗೆ ಸಿಕ್ಕಿಸಿಕೊಂಡು, ಉಳ್ಳಾಗಡ್ಡಿ ತುಳಿದು, ಮುಂದಕ್ಕೆ ಹೋಯಿತು.

ಸಾಹೇಬರು ಮೊದಲು ತಮ್ಮ ಬರಿತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರ ಮುಖ ನೋಡಿ, "ಇಬ್ಬರೂ ಪಾಸು" ಎಂದರು. ನನಗೆ ಚೀಲದ ಮೇಲೆಯೇ ಕುಣಿಯಬೇಕೆನಿಸಿತು. ನೌಕರಿ ಕಾಯಂ!

"ಆದರೆ ಪ್ರಿನ್ಸಿಪಾಲರೇ," ಎಂದು ಸಾಹೇಬರು ಬೆವರೊರೆಸಿಕೊಳ್ಳುತ್ತ ಕುಟುಕಿದರು, "ಮುಂದಿನ ವರ್ಷ ಈ ಇಂಗ್ಲಿಷ್ ಕ್ಲಾಸು ಬಿಡಿ. ನಮ್ಮ ಕಡೆಯಿಂದ ಬರುವ ಅಧಿಕಾರಿಗಳಿಗೆ ನಿಮ್ಮ ಕನ್ನಡ ಕಲಿಸುವ ಕ್ಲಾಸು ತೆರೆಯಿರಿ."

ಪ್ರಿನ್ಸಿಪಾಲರು ಅದನ್ನು ಸರಕಾರದ ಹುಕುಮ್ ಎಂದೇ ತಿಳಿದರು. ಚೀಲದ ಮೇಲೆ ನೆಟ್ಟಗೆ ಕೂತು, ಕೋಟಿನ ಕಿಸೆಯಿಂದ ಪೆನ್ನು ತೆಗೆದು ಕೇಳಿದರು:

"ಆಗಲ್ರಿ ಸಾಹೇಬ್ರ. ನಿಮ್ಮ ಹೆಸರು ಮೊದಲ್ನೇದು ಬರಕೋತೇನಿ. ಒಬ್ಬರ ಬರ್ತೀರೋ, ಮನ್ಯಾವರನ್ನೂ ಕರಕೊಂಡ ಬರ್ತೀರೋ?"